ಜರ್ಸಿ ಅಂದರೆ ದನ ಒಂದೇ ಅಲ್ಲ



ನನ್ನ ಅಣ್ಣ ಸಾಗರದ ಮಾರಿಜಾತ್ರೆಯಿಂದ ತಿಳಿನೀಲಿ ಬಿಳಿ ಪಟ್ಟೆಯ ಫುಟ್‌ಬಾಲ್ ಅಂಗಿ ತಂದ. "ಜರ್ಸಿ ತಂದೆ" ಅಂದಿದ್ದಕ್ಕೆ ಅಜ್ಜಿ, "ದಿನಕ್ಕೆ ಎಷ್ಟು ಲೀಟ್ರು ಕೊಡ್ತದೆ?" ಅಂತ ಕೇಳಿದರು! ನಾವೆಲ್ಲ ನಕ್ಕೆವು. ಆದರೆ ಅಜ್ಜಿಯದು ಪೂರ್ತಿ ತಪ್ಪಲ್ಲ. ಇಂಗ್ಲೆಂಡ್ ಮತ್ತು ಫ್ರಾನ್ಸಿನ ನಡುವೆ ಜರ್ಸಿ ಎಂಬ ಸಣ್ಣ ದ್ವೀಪವಿದೆ. ಜರ್ಸಿ ದನದ ಮೂಲ ಅಲ್ಲಿಯೇ. ಅಲ್ಲಿಯ ಜನ ಹೆಣೆಯುತ್ತಿದ್ದ ಉಣ್ಣೆ ಬಟ್ಟೆಯಿಂದಲೇ ಆಟದ ಅಂಗಿಗೂ ಆ ಹೆಸರು ಬಂತು.

ಮೊದಲು ಅಂಗಿಯ ಬೆನ್ನ ಮೇಲೆ ನಂಬರ್ ಇರುತ್ತಿರಲಿಲ್ಲ. 1928ರಲ್ಲಿ ಇಂಗ್ಲೆಂಡಿನ ಆರ್ಸೆನಲ್ ಮತ್ತು ಚೆಲ್ಸಿ ತಂಡಗಳು ನಂಬರ್ ಹಾಕಿಕೊಂಡು ಆಡಿದವು. 1933ರ ಎಫ್.ಎ. ಕಪ್ ಫೈನಲ್‌ನಲ್ಲಿ ಒಂದು ತಂಡಕ್ಕೆ 1ರಿಂದ 11, ಇನ್ನೊಂದಕ್ಕೆ 12ರಿಂದ 22 ಕೊಟ್ಟಿದ್ದರು.

ಬ್ರೆಜಿಲ್ ತಂಡ ಮೊದಲು ಬಿಳಿ ಅಂಗಿ ಹಾಕುತ್ತಿತ್ತು. 1950ರಲ್ಲಿ ಸ್ವಂತ ಊರಿನಲ್ಲೇ ಉರುಗ್ವೆಗೆ ಸೋತ ಮೇಲೆ ಜನರಿಗೆ ಆ ಬಣ್ಣವೇ ಬೇಡವಾಯಿತು. ಪತ್ರಿಕೆಯೊಂದು ಸ್ಪರ್ಧೆ ಇಟ್ಟಿತು. ಬಾವುಟದ ನಾಲ್ಕೂ ಬಣ್ಣ ಇರಬೇಕು ಎಂದು ಷರತ್ತು. ಗೆದ್ದವನು ಆಲ್ಡಿರ್ ಶ್ಲೀ ಎಂಬ 19 ವರ್ಷದ ಹುಡುಗ. ಈಗಿನ ಹಳದಿ ಅಂಗಿ ಅವನು ಬರೆದ ಚಿತ್ರವೇ.

ಇನ್ನು ಸಂಗ್ರಹದ ವಿಷಯ. 1986ರ ವಿಶ್ವಕಪ್ ಮೆಕ್ಸಿಕೋದಲ್ಲಿ ನಡೆಯಿತು. ಅರ್ಜೆಂಟೀನಾದವರ ನೀಲಿ ಅಂಗಿ ಆ ಬಿಸಿಲಿಗೆ ಬಹಳ ದಪ್ಪ. ಅದಕ್ಕೇ ಇಂಗ್ಲೆಂಡ್ ಮೇಲಿನ ಆಟಕ್ಕೆ ಅಲ್ಲಿಯ ಅಂಗಡಿಯಿಂದಲೇ ಬೇರೆ ಅಂಗಿ ತಂದು, ಅವಸರದಲ್ಲಿ ಲಾಂಛನ, ನಂಬರ್ ಹಚ್ಚಿದರು. ಮರಡೋನಾ ಎರಡು ಗೋಲು ಹೊಡೆದು, ಆಟ ಮುಗಿದ ಮೇಲೆ ಇಂಗ್ಲೆಂಡಿನ ಸ್ಟೀವ್ ಹಾಡ್ಜ್ ಜೊತೆ ಅಂಗಿ ಬದಲಾಯಿಸಿಕೊಂಡರು. ಅದು 2022ರಲ್ಲಿ 71 ಲಕ್ಷ ಪೌಂಡಿಗೂ ಹೆಚ್ಚಿಗೆ ಹರಾಜಾಯಿತು. ನಮ್ಮ ಲೆಕ್ಕದಲ್ಲಿ 65 ಕೋಟಿ ರೂಪಾಯಿ ದಾಟುತ್ತದೆ! ಮರಡೋನಾರ ಮಗಳು, "ಇದು ಗೋಲು ಹೊಡೆದಾಗಿನದಲ್ಲ, ಮೊದಲರ್ಧದ್ದು" ಎಂದರು. ಹರಾಜಿನವರು ಹಳೆಯ ಫೋಟೋ ಇಟ್ಟು ಲಾಂಛನ, ಪಟ್ಟೆ, ನಂಬರ್ ಎಲ್ಲ ತಾಳೆ ನೋಡಿ, ಅದೇ ಎಂದು ಹೇಳಿದರು.

ನನ್ನನ್ನು ಕೇಳಿದರೆ ಬೇರೆ ಅಂಗಿ ಬೇಕು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದವರು ಬೆಂಗಳೂರಿನ ಎಸ್. ರಾಮನ್. ಅಂದು ನಮ್ಮವರಲ್ಲಿ ಹೆಚ್ಚಿನವರ ಕಾಲಲ್ಲಿ ಬೂಟೇ ಇರಲಿಲ್ಲ. ಆಟ 1-2ರಲ್ಲಿ ಸೋತೆವು. ಸೋತರೇನು, ಆ ಅಂಗಿ ಸಿಕ್ಕರೆ ನಾನು ಯಾರಿಗೂ ಕೊಡುವುದಿಲ್ಲ.

ಇಷ್ಟು ಓದಿದ ಮೇಲೆ ನಾವು ಮೂವರು ಸೇರಿ ನಮ್ಮ ಶಾಲೆಯ ಹಳೇ ಕಬಡ್ಡಿ ಅಂಗಿ ಹುಡುಕಲು ಶುರು ಮಾಡಿದೆವು. ಅಪ್ಪ ಏಳನೇ ಕ್ಲಾಸಿನಲ್ಲಿದ್ದಾಗ ಹೊಸನಗರಕ್ಕೆ ಹೋಗಿ ಆಡಿದ ತಂಡದವು. ಒಟ್ಟು ಏಳು. ನಾಲ್ಕು ಆಫೀಸಿನ ಟ್ರಂಕಿನಲ್ಲೇ ಇದ್ದವು, ಒಂದಕ್ಕೆ ಇಲಿ ಬಿದ್ದಿದೆ. 6ನೇ ನಂಬರಿನದನ್ನು ತೀರ್ಥಹಳ್ಳಿಯಲ್ಲಿ ಅಂಗಡಿ ಇಟ್ಟಿರುವ ಮಾವ ತಂದುಕೊಟ್ಟರು. 2ನೇ ನಂಬರು ಕೆರೆ ಕೆಳಗಿನ ಗದ್ದೆಯಲ್ಲಿ ಬೆರ್ಚಪ್ಪನ ಮೈಮೇಲಿತ್ತು. ಬೆರ್ಚಪ್ಪನಿಗೆ ನನ್ನ ಹಳೇ ಅಂಗಿ ಕೊಟ್ಟು ತಂದಿದ್ದೇವೆ.

ಸಿಗದೇ ಇರುವುದು 4 ಮಾತ್ರ. ಅದು ಅಪ್ಪನದು. ಆಡುವಾಗ ಎಡ ಭುಜದಲ್ಲಿ ಹರಿದಿತ್ತಂತೆ, ಅಜ್ಜಿ ಕಪ್ಪು ದಾರದಲ್ಲಿ ಹೊಲಿದಿದ್ದರಂತೆ. ಆಫೀಸಿನ ಗೋಡೆಯ ಫೋಟೋದಲ್ಲಿ ಆ ಹೊಲಿಗೆ ಕಾಣುತ್ತದೆ, ತಾಳೆ ನೋಡಬಹುದು. ನಿಮ್ಮ ಮನೆಯಲ್ಲಿ ನೆಲ ಒರೆಸುವ ಬಟ್ಟೆ ಆಗಿದ್ದರೂ ಅಡ್ಡಿಯಿಲ್ಲ, ತೊಳೆದು ತನ್ನಿ.

– 7ನೇ ತರಗತಿ