ಬೇಲಿಗೆ ಬಂದ ಬಣ್ಣದ ಹೂವು

ಮಕ್ಕಳೇ, ರಸ್ತೆ ಬದಿಯ ಪೊದೆಯಲ್ಲಿ ನಡುವೆ ಹಳದಿ, ಅಂಚಿಗೆ ಗುಲಾಬಿ ಬಣ್ಣದ ಪುಟ್ಟ ಹೂಗಳ ಗೊಂಚಲು ನೋಡಿದ್ದೀರಲ್ಲ? ಅದು ಲಂಟಾನ. ಕೆಲವು ಕಡೆ ರೋಜವಾರ ಅಂತಲೂ ಕರೆಯುತ್ತಾರೆ. ಆಗತಾನೇ ಅರಳಿದ ಹೂವು ಹಳದಿ, ಹಳತಾದಂತೆ ಗುಲಾಬಿ. ಮಕರಂದ ಹೆಚ್ಚಿರುವುದು ಹಳದಿಯಲ್ಲಿ. ಚಿಟ್ಟೆಗಳಿಗೆ ಈ ಗುಟ್ಟು ಗೊತ್ತು!

ಇದರ ತವರು ದೂರದ ಅಮೆರಿಕ ಖಂಡ. 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷರು ತೋಟದ ಅಂದಕ್ಕೆಂದು ತಂದರು. ಪಿಕಳಾರದಂಥ ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. ತೋಟ ದಾಟಿದ ಗಿಡ ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಕಾಡುಗಳನ್ನೂ ಹೊಕ್ಕಿತು. ಪೊದೆ ದಟ್ಟವಾದಲ್ಲಿ ಕೆಳಗೆ ಹುಲ್ಲು ಬೆಳೆಯದು, ನೆಲ್ಲಿಯ ಸಸಿ ಮೇಲೇಳದು. ಜಿಂಕೆ, ಕಾಟಿಗಳಿಗೆ ಮೇವೆಲ್ಲಿ? ಹಿಂದೆ ತಾವು ಹಾಕುತ್ತಿದ್ದ ಸಣ್ಣ ‘ತರಗು ಬೆಂಕಿ’ ನಿಂತ ಮೇಲೆ ಲಂಟಾನ ಹೆಚ್ಚಿತು ಎನ್ನುತ್ತಾರೆ ಬಿಳಿಗಿರಿಯ ಸೋಲಿಗ ಹಿರಿಯರು. ಮಲೆ ಮಹದೇಶ್ವರ ಬೆಟ್ಟದಲ್ಲಿ ಇದೇ ಕಾಂಡದಿಂದ ಕುರ್ಚಿ, ಬುಟ್ಟಿ ಮಾಡುವವರೂ ಇದ್ದಾರೆ. ಜಾಣತನವೇ. ಆದರೆ ಕುರ್ಚಿ ಮಾಡಿ ಮುಗಿಸುವಷ್ಟು ಕಡಿಮೆಯಿಲ್ಲ ಲಂಟಾನ.

ಕೀಳುವ ಮೊದಲು ಗುರುತು ಹಿಡಿಯಿರಿ. ಕಾಂಡ ಚೌಕ, ಮೇಲೆ ಸಣ್ಣ ಮುಳ್ಳು. ಎಲೆ ಎದುರು ಬದುರು ಜೋಡಿ, ಮುಟ್ಟಿದರೆ ಒರಟು, ಉಜ್ಜಿದರೆ ಘಾಟು ವಾಸನೆ. ಕಾಯಿ ಹಸಿರು, ಹಣ್ಣಾದರೆ ಕಪ್ಪು. ಬಾಯಿಗೆ ಮಾತ್ರ ಹಾಕಬೇಡಿ, ಹಸಿರು ಕಾಯಿ ವಿಷ. ಎಲೆ ತಿಂದರೆ ದನಕರುಗಳಿಗೂ ವಿಷವೇ.

ಮೇಲೆ ಸವರಿದರೆ ಪ್ರಯೋಜನವಿಲ್ಲ, ಮತ್ತೆ ಚಿಗುರುತ್ತದೆ. ಹಣ್ಣಾಗುವ ಮುನ್ನ, ನೆಲದಿಂದ ಎರಡು ಮೂರು ಬೆರಳು ಕೆಳಗೆ ತಾಯಿಬೇರು ಕಡಿದು, ಗಿಡವನ್ನು ತಲೆಕೆಳಗಾಗಿ ಒಣಗಲು ಬಿಡಬೇಕು. ಗುದ್ದಲಿ ಕೆಲಸ ದೊಡ್ಡವರದು. ಪೊದೆಯೊಳಗೆ ಹಕ್ಕಿಗೂಡಿದೆಯೇ ಎಂದು ನೋಡುವುದು ಮಕ್ಕಳದು. ಗೂಡಿದ್ದರೆ ಮರಿ ಹಾರುವವರೆಗೆ ಕಾಯಿರಿ.

ಜಾಗ ಖಾಲಿ ಬಿಟ್ಟರೆ ಲಂಟಾನವೇ ಮರಳಿ ಬರುತ್ತದೆ. ಹಾಗಾದರೆ ಅಲ್ಲೇನು ನೆಡೋಣ? ಈ ಪ್ರಶ್ನೆ ಅಜ್ಜ ಅಜ್ಜಿಯರಿಗೆ. ನೀವು ಚಿಕ್ಕವರಿದ್ದಾಗ ಊರಿನ ಬೇಲಿಯಲ್ಲಿ ಏನೇನಿತ್ತು, ಮೊಮ್ಮಕ್ಕಳಿಗೆ ಹೇಳಿ. ಬಯಲುಸೀಮೆಯವರಾದರೆ ತಂಗಡಿ, ಲಕ್ಕಿ, ಕವಳೆ ನೆನಪಾಗಬಹುದು. ಲಕ್ಕಿಯ ಕಡ್ಡಿ ನೆಟ್ಟರೂ ಬೇರು ಬಿಡುತ್ತದೆ, ದನಗಳು ಅದನ್ನು ಅಷ್ಟಾಗಿ ಮೇಯುವುದಿಲ್ಲ. ತಂಗಡಿಗೆ ಬೀಜ ಸಾಕು. ಕವಳೆ ಮುಳ್ಳಿನ ಬೇಲಿ. ಹಣ್ಣೂ ಸಿಗುತ್ತದೆ, ಉಪ್ಪಿನಕಾಯಿಯೂ ಆಗುತ್ತದೆ.

ಚಿಟ್ಟೆಗಳ ಗತಿ? ಲಂಟಾನದಲ್ಲಿ ಮಕರಂದ ಹೀರುವ ಎಷ್ಟೋ ಚಿಟ್ಟೆಗಳು ಮೊಟ್ಟೆಯಿಡುವುದು ಬೇರೆ ಗಿಡದಲ್ಲಿ. ಕೆಲವಕ್ಕೆ ಕರಿಬೇವು, ನಿಂಬೆಯೇ ಬೇಕು. ಅವನ್ನೂ ಒಂದೊಂದು ನೆಡಿ. ಇಡೀ ಬೇಲಿಯನ್ನು ಒಂದೇ ದಿನ ಬೋಳಿಸದೆ ಪ್ರತಿ ವರ್ಷ ಸ್ವಲ್ಪ ಸ್ವಲ್ಪ ಬದಲಿಸಿ. ಮುಂದಿನ ಮಳೆಗೆ ಲಂಟಾನದ ಮೊಳಕೆ ಮತ್ತೆ ಏಳುತ್ತದೆ. ಮಣ್ಣು ಹಸಿಯಿರುವಾಗ ಮಕ್ಕಳ ಕೈಗೂ ಸುಲಭವಾಗಿ ಕಿತ್ತು ಬರುತ್ತದೆ.