ಏಪ್ರಿಲ್ ಚಳಿಯಲ್ಲಿ ಮಡಚುವ ಟ್ರೇಲರ್: ಹೈಡೆಲ್‌ಬರ್ಗ್ ಸುತ್ತಲಿನ ಕನ್ನಡಿಗರಿಗೆ

ಹೈಡೆಲ್‌ಬರ್ಗ್ ಜರ್ಮನಿಯ ಬೆಚ್ಚಗಿನ ಊರುಗಳಲ್ಲಿ ಒಂದು. ಇಲ್ಲಿ ಅಂಜೂರ ಬೆಳೆಯುತ್ತದೆ. ಊರಿನ ಉತ್ತರಕ್ಕೆ ಹಬ್ಬಿರುವ ಬೆರ್ಗ್‌ಸ್ಟ್ರಾಸೆ ಪ್ರದೇಶದಲ್ಲಿ ಬಾದಾಮಿ ಮರಗಳು ಮಾರ್ಚಿಗೇ ಹೂ ಬಿಡುತ್ತವೆ. ಅದನ್ನು ಕಂಡು, ಪಕ್ಕದ ವಾಲ್‌ಡೋರ್ಫ್‌ನ ಎಸ್‌ಎಪಿ ಕಂಪನಿಯ ಕೆಲಸಕ್ಕೆಂದು ಬೆಂಗಳೂರಿನಿಂದ ಬಂದ ಎಷ್ಟೋ ಸಂಸಾರಗಳು ಈಸ್ಟರ್ ರಜೆಗೆ ಕ್ಯಾಂಪಿಂಗ್ ಯೋಚನೆ ಮಾಡುತ್ತವೆ. ಆದರೆ ಹೋದ ಚಳಿ ಮತ್ತೆ ಬರುವುದುಂಟು. 2017 ಮತ್ತು 2024ರಲ್ಲಿ ಏಪ್ರಿಲ್ ದ್ವಿತೀಯಾರ್ಧದಲ್ಲಿ ಬಂದ ಹೆಪ್ಪುಗಟ್ಟಿಸುವ ಚಳಿ ಜರ್ಮನಿಯ ದ್ರಾಕ್ಷಿ ತೋಟಗಳ ಎಳೆಚಿಗುರನ್ನೇ ಸುಟ್ಟುಹಾಕಿತು. ಇಲ್ಲಿನ ರೈತರು ಮೇ 11ರಿಂದ 15ರವರೆಗಿನ ದಿನಗಳನ್ನು ‘ಐಸ್‌ಹೈಲಿಗೆ’, ಅಂದರೆ ಹಿಮದ ಸಂತರ ದಿನಗಳು ಎನ್ನುತ್ತಾರೆ. ಅವು ಕಳೆಯುವವರೆಗೆ ಟೊಮೆಟೊ ಸಸಿಯನ್ನು ಹೊರಗೆ ನೆಡುವುದಿಲ್ಲ. ಅಂಥ ದಿನಗಳಲ್ಲಿ ಮಡಚುವ ಟ್ರೇಲರಿನಲ್ಲಿ ಮಕ್ಕಳನ್ನು ಮಲಗಿಸಬಹುದೇ? ಮಲಗಿಸಬಹುದು. ಅದು ಹೇಗೆ ಕೆಲಸ ಮಾಡುತ್ತದೆ ಎಂದು ಮೊದಲು ತಿಳಿದಿರಬೇಕು, ಅಷ್ಟೇ.

ಇದನ್ನು ಇಂಗ್ಲಿಷಿನಲ್ಲಿ ಪಾಪ್‌ಅಪ್ ಟ್ರೇಲರ್, ಜರ್ಮನಿಯಲ್ಲಿ ‘ಫಾಲ್ಟ್‌ಕ್ಯಾರವಾನ್’ ಎನ್ನುತ್ತಾರೆ. ಕಾರಿನ ಹಿಂದೆ ಕಟ್ಟಿ ಎಳೆಯುವಾಗ ಅದು ಎರಡು ಚಕ್ರದ ತಗ್ಗು ಪೆಟ್ಟಿಗೆ. ನಿಲ್ಲಿಸಿದ ಮೇಲೆ ಚಾವಣಿಯನ್ನು ಮೇಲಕ್ಕೆತ್ತಿ, ಎರಡು ಬದಿಗೆ ಹಾಸಿಗೆಯ ಹಲಗೆಗಳನ್ನು ಎಳೆಯುತ್ತೀರಿ. ಗೋಡೆ ಎಂದರೆ ಬಟ್ಟೆ. ಪೂರ್ವ ಜರ್ಮನಿಯ ಕಾಲದಲ್ಲಿ ಪುಟ್ಟ ಟ್ರಾಬಾಂಟ್ ಕಾರುಗಳು ‘ಕ್ಲಾಪ್‌ಫಿಕ್ಸ್’ ಎಂಬ ಇಂಥದೇ ಟ್ರೇಲರನ್ನು ಎಳೆದುಕೊಂಡು ಬಾಲ್ಟಿಕ್ ತೀರಕ್ಕೆ ಹೋಗುತ್ತಿದ್ದವು. ಹಗುರ, ಗಾಳಿಗೆ ಅಡ್ಡ ಬರುವುದಿಲ್ಲ, ಹೆಚ್ಚು ಜಾಗ ಬೇಡ. ಇವು ಇದರ ಗುಣಗಳು. ಚಳಿಯನ್ನು ತಡೆಯುವುದು ಆ ಗುಣಗಳ ಪಟ್ಟಿಯಲ್ಲಿ ಇಲ್ಲ.

ಚಳಿ ಬಟ್ಟೆಯ ಗೋಡೆಯಿಂದ ಬರುತ್ತದೆ ಎಂದು ಎಲ್ಲರೂ ತಿಳಿಯುತ್ತಾರೆ. ನಿಜವಾಗಿ ನಡುಗಿಸುವುದು ಕೆಳಗಿನಿಂದ ಬರುವ ಚಳಿ. ಹೊರಚಾಚಿದ ಹಾಸಿಗೆಯ ಹಲಗೆಯ ಅಡಿಯಲ್ಲಿ ಬರೀ ಗಾಳಿ ಇರುತ್ತದೆ. ಮೈಭಾರಕ್ಕೆ ಹಾಸಿಗೆ ಒತ್ತಿದಾಗ ಅದರ ಬೆಚ್ಚಗೆ ಹಿಡಿಯುವ ಶಕ್ತಿ ಕುಗ್ಗುತ್ತದೆ. ಮೇಲೆ ಎರಡು ರಜಾಯಿ ಹೊದ್ದರೂ ಬೆನ್ನು ತಣ್ಣಗೇ ಇರುವುದು ಇದರಿಂದಲೇ. ಗಾಳಿ ತುಂಬಿದ ಹಾಸಿಗೆಯಂತೂ ಬೇಡವೇ ಬೇಡ. ಒಳಗಿನ ಗಾಳಿ ಸುತ್ತಾಡುತ್ತ ಮೈಯ ಶಾಖವನ್ನು ಕೆಳಗೆ ಸಾಗಿಸುತ್ತದೆ. ಹಲಗೆಯ ಮೇಲೆ ಫೋಮ್ ಚಾಪೆ ಹಾಸಿ, ಅದರ ಮೇಲೆ ಉಣ್ಣೆಯ ಕಂಬಳಿ, ಆಮೇಲೆ ಹಾಸಿಗೆ ಹಾಕಿ. ಊರಿನಿಂದ ತಂದ ಕುರಿ ಕಂಬಳಿ ಇದ್ದರೆ ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಅದನ್ನು ಹೊದೆಯಬೇಡಿ, ಹಾಸಿಕೊಳ್ಳಿ. ಚಿಕ್ಕ ಮಕ್ಕಳನ್ನು ಹೊರಚಾಚಿದ ಬದಿಯಲ್ಲಿ ಮಲಗಿಸದೆ, ಮಧ್ಯದ ಪೆಟ್ಟಿಗೆಯಲ್ಲಿ ಸೀಟನ್ನೇ ಹಾಸಿಗೆ ಮಾಡಿ ಮಲಗಿಸಿ. ಅಲ್ಲಿ ಕೆಳಗೆ ಗಟ್ಟಿ ನೆಲವಿದೆ.

ಸ್ಲೀಪಿಂಗ್ ಬ್ಯಾಗ್, ಅಂದರೆ ಮಲಗುವ ಚೀಲ ಕೊಳ್ಳುವಾಗ ಅದರ ಮೇಲಿನ ‘ಕಂಫರ್ಟ್’ ಅಂಕಿ ಮಾತ್ರ ನೋಡಿ. ‘ಎಕ್ಸ್‌ಟ್ರೀಮ್’ ಎಂದು ಬರೆದ ಅಂಕಿ ಜೀವ ಉಳಿಯುವ ಮಟ್ಟದ್ದು, ನಿದ್ದೆ ಬರುವ ಮಟ್ಟದ್ದಲ್ಲ.

ಇನ್ನು ಜಾಗ. ನೆಕರ್ ನದಿ ಹೈಡೆಲ್‌ಬರ್ಗಿಗೆ ಪೂರ್ವದಿಂದ, ಬೆಟ್ಟಗಳ ನಡುವಿನ ಕಿರಿದಾದ ಕಣಿವೆಯಿಂದ ಬರುತ್ತದೆ. ಕನ್ನಡ ನಿಘಂಟಿನ ಕಿಟ್ಟೆಲ್ ತಮ್ಮ ಕಡೆಯ ದಿನಗಳನ್ನು ಕಳೆದ ಟ್ಯೂಬಿಂಗೆನ್ ಇರುವುದೂ ಇದೇ ನದಿಯ ಮೇಲ್ಭಾಗದಲ್ಲಿ. ಕ್ಯಾಂಪಿಂಗ್ ತಾಣಗಳು ಹೆಚ್ಚಾಗಿ ಊರಿನ ಪೂರ್ವಕ್ಕೆ, ನೆಕರ್‌ಗೆಮ್ಯುಂಡ್ ಕಡೆ ನದಿಯ ದಂಡೆಯಲ್ಲಿವೆ. ತಣ್ಣನೆಯ ಗಾಳಿ ಭಾರವಾದದ್ದು. ರಾತ್ರಿ ಅದು ಬೆಟ್ಟದಿಂದ ಇಳಿದು ಕಣಿವೆಯ ತಳದಲ್ಲಿ ಸೇರಿಕೊಳ್ಳುತ್ತದೆ. ಹಾಗಾಗಿ ನೀರಿನ ಪಕ್ಕದ ಚೆಂದದ ಜಾಗಕ್ಕಿಂತ ತುಸು ಎತ್ತರದ ಜಾಗ ಕೇಳಿ. ದಕ್ಷಿಣ ದಂಡೆಗೆ 568 ಮೀಟರ್ ಎತ್ತರದ ಕ್ಯೋನಿಗ್‌ಸ್ಟೂಲ್ ಬೆಟ್ಟದ ಸಾಲು ನೆರಳು ಹಾಕುತ್ತದೆ. ಉತ್ತರ ದಂಡೆಗೆ ಬಿಸಿಲು ಚೆನ್ನಾಗಿ ಬೀಳುತ್ತದೆ. ಹವಾಮಾನ ಇಲಾಖೆಯ ‘ವಾರ್ನ್‌ವೆಟರ್’ ಆ್ಯಪ್ ನೋಡುವಾಗಲೂ ಒಂದು ಮಾತು ನೆನಪಿಡಿ. ಅಲ್ಲಿ ಹೇಳುವ ಉಷ್ಣಾಂಶ ನೆಲದಿಂದ ಎರಡು ಮೀಟರ್ ಎತ್ತರದ್ದು. ಆಕಾಶ ತಿಳಿಯಾಗಿರುವ ರಾತ್ರಿ ಅಲ್ಲಿ 3 ಡಿಗ್ರಿ ಇದ್ದರೂ ನೆಲದಲ್ಲಿ ಹಿಮ ಕಟ್ಟಬಹುದು. ‘ಬೋಡನ್‌ಫ್ರಾಸ್ಟ್’ ಎಂಬ ಎಚ್ಚರಿಕೆ ಕಂಡರೆ ಅದರ ಅರ್ಥ ಇದೇ.

ಬಿಸಿ ಮಾಡಲು ಎರಡು ದಾರಿ. ಮೊದಲನೆಯದು ಕರೆಂಟು. ಕ್ಯಾಂಪಿಂಗ್ ತಾಣದಲ್ಲಿ ನೀಲಿ ಬಣ್ಣದ, ಮೂರು ಕಡ್ಡಿಯ ಸಿಇಇ ಪ್ಲಗ್ ಇರುತ್ತದೆ. ಪ್ಲಗ್ಗಿಗೆ 16 ಆಂಪಿಯರ್ ತಾಳುವ ಶಕ್ತಿ ಇದ್ದರೂ ಹಿಂದಿನ ಫ್ಯೂಸು ಕೆಲವು ಕಡೆ 6 ಅಥವಾ 10 ಆಂಪಿಯರಿನದು. 230 ವೋಲ್ಟನ್ನು 6ರಿಂದ ಗುಣಿಸಿದರೆ 1,380 ವಾಟ್. ಅಂದರೆ ಮನೆಯ 2,000 ವಾಟ್ ಹೀಟರ್ ಹಚ್ಚಿದರೆ ಫ್ಯೂಸು ಹೋಗುತ್ತದೆ. ಹೀಟರ್ ಉರಿಯುತ್ತಿರುವಾಗ ಇಂಡಕ್ಷನ್ ಒಲೆಯಲ್ಲಿ ಅನ್ನಕ್ಕಿಟ್ಟರೂ ಅದೇ ಗತಿ. 1,000 ವಾಟಿನ ಹೀಟರ್ ಸಾಕು. ಎಂಟು ಗಂಟೆ ಉರಿದರೆ ಎಂಟು ಯೂನಿಟ್. ಯೂನಿಟ್ಟಿಗೆ ಅರ್ಧ ಯೂರೋ ಹಿಡಿದರೆ ರಾತ್ರಿಗೆ ನಾಲ್ಕು ಯೂರೋ. ಕೇಬಲನ್ನು ಸುರುಳಿಯಿಂದ ಪೂರ್ತಿ ಬಿಚ್ಚಿ ಹಾಸಿ. ಸುತ್ತಿದ ಕೇಬಲ್ ಬಿಸಿಯಾಗಿ ಕರಗಬಹುದು.

ಎರಡನೆಯದು ಗ್ಯಾಸು. ಇಲ್ಲಿ ಬ್ಯೂಟೇನ್, ಪ್ರೊಪೇನ್ ಎಂಬ ಎರಡು ಬಗೆ ಇವೆ. ಬ್ಯೂಟೇನ್ ಸುಮಾರು ಸೊನ್ನೆ ಡಿಗ್ರಿಗೆ ಬಂದರೆ ಆವಿಯಾಗುವುದನ್ನೇ ನಿಲ್ಲಿಸುತ್ತದೆ. ಸಿಲಿಂಡರ್ ತುಂಬಿದ್ದರೂ ಒಲೆ ಹತ್ತುವುದಿಲ್ಲ. ಪ್ರೊಪೇನ್ ಮೈನಸ್ 42 ಡಿಗ್ರಿವರೆಗೆ ಕೆಲಸ ಮಾಡುತ್ತದೆ. ಚಳಿಗೆ ಪ್ರೊಪೇನೇ ಬೇಕು. 5 ಕಿಲೋ ಮತ್ತು 11 ಕಿಲೋ ಸಿಲಿಂಡರುಗಳನ್ನು ಬೌಹೌಸ್, ಓಬಿ ಮುಂತಾದ ಅಂಗಡಿಗಳಲ್ಲಿ ಬದಲಿಸಿಕೊಡುತ್ತಾರೆ. 11 ಕಿಲೋಗೆ 25ರಿಂದ 30 ಯೂರೋ ಆಸುಪಾಸು ಆಗುತ್ತದೆ. ಗಂಟೆಗೆ 150 ಗ್ರಾಂ ಉರಿದರೆ ಅದು ಎಪ್ಪತ್ತು ಗಂಟೆ ದಾಟಿ ಬರುತ್ತದೆ. ಹೀಟರ್ ಮಾತ್ರ ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಬಿಡುವಂಥದ್ದೇ ಆಗಿರಬೇಕು. ಜರ್ಮನಿಯಲ್ಲಿ 2025ರ ಜೂನ್‌ನಿಂದ ಕ್ಯಾರವಾನ್‌ಗಳ ಗ್ಯಾಸ್ ವ್ಯವಸ್ಥೆಯನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುವುದು ಕಾನೂನಿನ ಪ್ರಕಾರ ಕಡ್ಡಾಯ.

ಈಗ ಹೇಳುವುದನ್ನು ದಯವಿಟ್ಟು ಮನಸ್ಸಿಟ್ಟು ಓದಿ. ಮಲೆನಾಡು, ಕೊಡಗಿನ ಮನೆಗಳಲ್ಲಿ ಅಗ್ಗಿಷ್ಟಿಕೆಯ ಕೆಂಡದ ಮುಂದೆ ಕೂತು ಬೆಳೆದವರು ನಮ್ಮಲ್ಲಿ ಅನೇಕರು. ಆ ಮನೆಗಳ ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಟ್ರೇಲರಿನೊಳಗೆ ಹಾಗಲ್ಲ. ಗ್ರಿಲ್ ಮಾಡಿ ಉಳಿದ ಇದ್ದಿಲನ್ನು ‘ಆರುತ್ತಾ ಬಂದಿದೆ, ಸ್ವಲ್ಪ ಬೆಚ್ಚಗಾಗಲಿ’ ಎಂದು ಒಳಗೆ ತಂದರೆ ಅದರಿಂದ ಕಾರ್ಬನ್ ಮಾನಾಕ್ಸೈಡ್ ಹೊರಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಕಿಟಕಿ ಸ್ವಲ್ಪ ತೆರೆದಿದ್ದರೂ ಇದು ಅಪಾಯವೇ. ಗ್ಯಾಸ್ ಒಲೆಯನ್ನು ಹಚ್ಚಿಟ್ಟು ಕೋಣೆ ಕಾಯಿಸುವುದೂ ಬೇಡ. ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಎಲ್ಲರನ್ನೂ ಹೊರಗೆ ಕರೆತಂದು 112ಕ್ಕೆ ಕರೆ ಮಾಡಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಚಳಿಯಲ್ಲಿ ಟ್ರೇಲರಿನಲ್ಲಿ ಮಲಗಬೇಡಿ. ‘ಇಎನ್ 50291-2’ ಎಂದು ಬರೆದಿರುವುದನ್ನು ಕೊಳ್ಳಿ. ಅದು ಕ್ಯಾರವಾನ್ ಮತ್ತು ದೋಣಿಗಳಿಗೆಂದೇ ಇರುವ ಮಾನದಂಡ.

‘ಚಳಿ ಒಳಗೆ ಬರುತ್ತದಲ್ಲ, ಗಾಳಿಕಿಂಡಿ ಮುಚ್ಚಿದರೇನು?’ ಎಂದು ಕೇಳಬಹುದು. ಮುಚ್ಚಬಾರದು. ಉಸಿರು, ಬೆವರಿನಿಂದ ಹೊರಬೀಳುವ ತೇವ ತಣ್ಣನೆಯ ಬಟ್ಟೆಗೆ ತಾಗಿ ನೀರಾಗಿ, ಬೆಳಗಾಗುವ ಹೊತ್ತಿಗೆ ಹಾಸಿಗೆಯ ಮೇಲೆ ತೊಟ್ಟಿಕ್ಕುತ್ತದೆ. ಒದ್ದೆ ಹೊದಿಕೆ ಬೆಚ್ಚಗಿಡುವುದಿಲ್ಲ. ಚಾವಣಿಯ ಕಿಂಡಿಯನ್ನು ಬೆರಳಗಲ ತೆರೆದಿಡಿ. ಸಾರು, ಅನ್ನ ಕುದಿಸುವ ಕೆಲಸವನ್ನು ಹೊರಗಿನ ಚಪ್ಪರದಡಿ ಮುಗಿಸಿ. ರಾತ್ರಿ ನೀರಿನ ಪೈಪು, ಪಂಪು ಖಾಲಿ ಮಾಡಿ, ಕುಡಿಯುವ ನೀರನ್ನು ಬಾಟಲಿಯಲ್ಲಿ ಒಳಗಿಡಿ.

ಹೊರಡುವ ಬೆಳಿಗ್ಗೆ ಅವಸರ ಬೇಡ. ಚಳಿಗೆ ಪ್ಲಾಸ್ಟಿಕ್ ಕಿಟಕಿ ಪೆಡಸಾಗಿರುತ್ತದೆ, ಮಡಚಿದರೆ ಸೀಳುತ್ತದೆ. ಬಿಸಿಲು ಬರಲಿ. ಬಟ್ಟೆ ಒದ್ದೆ ಇದ್ದಂತೆಯೇ ಮಡಚಬೇಕಾಗಿ ಬಂದರೆ ಮನೆಗೆ ಹೋದ ಮರುದಿನವೇ ಬಿಚ್ಚಿ ಒಣಗಿಸಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ರಸ್ತೆಯಲ್ಲಿ ಟ್ರೇಲರ್ ಕಟ್ಟಿದ ಕಾರಿಗೆ ಸಾಮಾನ್ಯ ವೇಗಮಿತಿ ಗಂಟೆಗೆ 80 ಕಿಲೋಮೀಟರ್. ಏಪ್ರಿಲ್ ಆದರೂ ಹಿಮ ಬಿದ್ದಿದ್ದರೆ ಕಾರಿಗೆ ಬೆಟ್ಟ ಮತ್ತು ಹಿಮಹರಳಿನ ಗುರುತಿರುವ ಟಯರ್ ಇರಲೇಬೇಕು.

ಹೊಸ ಟ್ರೇಲರಿಗೆ 10,000 ಯೂರೋ ಸುಲಭವಾಗಿ ದಾಟುತ್ತದೆ. ಹಳೆಯದು ಕೆಲವು ಸಾವಿರಕ್ಕೆ ಕ್ಲೈನ್‌ಆನ್‌ತ್ಸೈಗನ್ ಜಾಲತಾಣದಲ್ಲಿ ಸಿಗುತ್ತದೆ. ಕೊಳ್ಳುವ ಮುಂಚೆ ಬಿಚ್ಚಿಸಿ, ಬಟ್ಟೆಯನ್ನು ಮೂಸಿ ನೋಡಿ, ಗ್ಯಾಸ್ ಪರೀಕ್ಷೆಯ ಪುಸ್ತಿಕೆ ಕೇಳಿ. ಮೊದಲ ಸಲವಾದರೆ ಬಾಡಿಗೆಗೆ ಪಡೆಯುವುದೇ ಜಾಣತನ. ನೆಕರ್ ದಂಡೆಯ ಎಷ್ಟೋ ತಾಣಗಳು ಚಳಿಗಾಲದಲ್ಲಿ ಮುಚ್ಚಿರುತ್ತವೆ. ಆದ್ದರಿಂದ ಮೊದಲೇ ಫೋನ್ ಮಾಡಿ, ಎಂದು ತೆರೆಯುತ್ತೀರಿ, ಫ್ಯೂಸು ಎಷ್ಟು ಆಂಪಿಯರಿನದು, ಸ್ನಾನದ ಮನೆಗೆ ಹೀಟರ್ ಇದೆಯೇ ಎಂದು ಕೇಳಿಕೊಳ್ಳಿ. ಉಳಿದ ಸಾಮಾನು ಹಳೆಯದಾದರೂ ನಡೆಯುತ್ತದೆ. ಅಲಾರಂ ಮಾತ್ರ ಹೊಸದನ್ನೇ ಕೊಳ್ಳಿ. ಅದರ ಒಳಗಿನ ಸಂವೇದಕಕ್ಕೆ ಇಷ್ಟೇ ವರ್ಷ ಎಂಬ ಆಯಸ್ಸಿರುತ್ತದೆ.