ಆ್ಯಪ್‌ನಲ್ಲಿ ಸ್ಕೋರ್ ಏರಿತು, ಕ್ಯಾಚ್ ಬೀಳುತ್ತಲೇ ಇತ್ತು

ಪುಣೆಯ ಹಿಂಜವಡಿಯಲ್ಲಿ ವಾರಕ್ಕೆ ಐದು ದಿನ ಕೋಡ್ ಬರೆಯುವ ನಾವು ಹನ್ನೆರಡು ಕನ್ನಡಿಗರು ಭಾನುವಾರ ಬೆಳಿಗ್ಗೆ ಆರಕ್ಕೆಲ್ಲ ಕ್ರಿಕೆಟ್ ಮೈದಾನದಲ್ಲಿರುತ್ತೇವೆ. ಇಡೀ ವಾರದಲ್ಲಿ ಹೊಟ್ಟೆ ತುಂಬ ಕನ್ನಡ ಮಾತಾಡುವುದು ಅಲ್ಲಿಯೇ. ಕಳೆದ ಮಳೆಗಾಲ ಮುಗಿದ ಮೇಲೆ ಪಾಯಿಂಟ್‌ನಲ್ಲಿ ನಿಂತು ಸಾಲಾಗಿ ಮೂರು ಕ್ಯಾಚ್ ಬಿಟ್ಟೆ. ನಾಲ್ಕನೆಯದು ಹುಬ್ಬಿಗೇ ಬಡಿಯಿತು, ಮೂರು ಹೊಲಿಗೆ. ‘ಮೂವತ್ತೈದಾಯ್ತು, ಇನ್ನು ಸಾಕು ಬಿಡ್ರಿ’ ಎಂದಳು ಹೆಂಡತಿ. ಆ ಭಾನುವಾರಗಳನ್ನು ಬಿಡಲು ಮನಸ್ಸಾಗಲಿಲ್ಲ.

ಎಂಜಿನಿಯರ್ ಬುದ್ಧಿ ನೋಡಿ, ಕಣ್ಣಿಗೆ ತರಬೇತಿ ಕೊಡುವ ಆ್ಯಪ್ ಒಂದಕ್ಕೆ ದುಡ್ಡು ಕಟ್ಟಿದೆ. ಪರದೆಯಲ್ಲಿ ಮಿಂಚಿ ಮಾಯವಾಗುವ ಚುಕ್ಕೆಗಳನ್ನು ಬೇಗ ಮುಟ್ಟಬೇಕು. ತಿಂಗಳಲ್ಲಿ ಸ್ಕೋರ್ ದುಪ್ಪಟ್ಟಾಯಿತು. ಮೈದಾನದಲ್ಲಿ ಅದೇ ಹಾಡು. ಆಗ ಎಂ.ಟೆಕ್ ಪಾಠ ನೆನಪಾಯಿತು: ಕೊಟ್ಟ ಡೇಟಾವನ್ನೇ ಬಾಯಿಪಾಠ ಮಾಡಿದ ಮಾಡೆಲ್, ಹೊಸ ಡೇಟಾ ಬಂದಾಗ ಮುಗ್ಗರಿಸುತ್ತದೆ. ನಾನು ಕಲಿತದ್ದು ಚುಕ್ಕೆ ಮುಟ್ಟುವುದನ್ನು, ಚೆಂಡು ಹಿಡಿಯುವುದನ್ನಲ್ಲ. ಇಂಥ ಸಾಮಾನ್ಯ ಕಣ್ಣಿನ ವ್ಯಾಯಾಮಗಳಿಂದ ಆಟ ಸುಧಾರಿಸಿದ್ದು ಕಾಣಲಿಲ್ಲ ಎಂದು ಅಬರ್ನೆಥಿ ಮತ್ತು ವುಡ್ ಎಂಬ ಸಂಶೋಧಕರು 2001ರಲ್ಲೇ ಬರೆದಿದ್ದರು.

ಹಾಗಾದರೆ ನುರಿತ ಆಟಗಾರರ ಕಣ್ಣು ಮಾಡುವುದೇನು? 2000ದಲ್ಲಿ ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್ಲಿಯಡ್ ಅವರು ಬ್ಯಾಟರ್‌ಗಳ ತಲೆಗೆ ಪುಟ್ಟ ಕ್ಯಾಮೆರಾ ಕಟ್ಟಿ ಪರೀಕ್ಷಿಸಿದರು. ಚೆಂಡಿನ ಮೇಲಿಂದ ಕಣ್ಣು ತೆಗೆಯಬೇಡ ಎಂದು ನಮಗೆಲ್ಲ ಹೇಳಿಕೊಟ್ಟಿದ್ದಾರಲ್ಲ, ನಡೆದದ್ದು ಬೇರೆಯೇ. ಬೌಲರ್ ಕೈಯಿಂದ ಚೆಂಡು ಹೊರಟದ್ದನ್ನು ನೋಡಿದ ಕಣ್ಣು, ಅದು ಪುಟಿಯಲಿರುವ ಜಾಗಕ್ಕೆ ಮೊದಲೇ ಜಿಗಿದು ಕಾಯುತ್ತಿತ್ತು. ಹೆಚ್ಚು ಪಳಗಿದವನ ಕಣ್ಣು ಇನ್ನೂ ಬೇಗ ಜಿಗಿಯುತ್ತಿತ್ತು. ಈ ಅಂದಾಜು ನಿಜವಾದ ಚೆಂಡಿನ ಎದುರು ನಿಂತು ನಿಂತೇ ಬರಬೇಕು.

ಹೊಲಿಗೆ ಬಿಚ್ಚಿದ ವೈದ್ಯರು ಹೇಳಿದ್ದರೆಂದು ಕಣ್ಣಿನ ಪರೀಕ್ಷೆಗೂ ಹೋದೆ. ಎರಡೂ ಕಣ್ಣಿಗೆ ಮೈನಸ್ 0.75! ಹತ್ತಿರದ ಪರದೆ ಚೆನ್ನಾಗಿಯೇ ಕಾಣುತ್ತಿದ್ದರಿಂದ ದೂರದ್ದು ಮಸುಕಾದದ್ದು ಗೊತ್ತೇ ಆಗಿರಲಿಲ್ಲ. ಆಟಕ್ಕೆಂದೇ ಪಾಲಿಕಾರ್ಬನೇಟ್ ಲೆನ್ಸ್‌ನ ಕನ್ನಡಕ ಮಾಡಿಸಿದೆ. ಈಗ ಶನಿವಾರ ಸಂಜೆ ಗೆಳೆಯನೊಬ್ಬ ಬ್ಯಾಟಿನಿಂದ ಹೊಡೆದ ಐವತ್ತು ಚೆಂಡು ಹಿಡಿಯುತ್ತೇನೆ. ಬ್ಯಾಟ್ ತಿರುಗುವ ಬಗೆ ನೋಡಿ ಕಾಲು ಮೊದಲೇ ಸರಿಯುವುದು ರೂಢಿಯಾಗುತ್ತಿದೆ.

ಪವಾಡವೇನೂ ಆಗಿಲ್ಲ. ಕಳೆದ ಭಾನುವಾರ ಎರಡು ಹಿಡಿದೆ, ಒಂದು ಬಿಟ್ಟೆ. ಬಿಟ್ಟದ್ದು ಕಾಣದೆ ಅಲ್ಲ, ಬಗ್ಗಲಾಗದೆ! ಹೊರನಾಡಿನಲ್ಲಿ ದಿನವಿಡೀ ಪರದೆ ನೋಡಿ ಭಾನುವಾರ ಮೈದಾನಕ್ಕಿಳಿಯುವ ಗೆಳೆಯರೇ, ಆ್ಯಪ್‌ಗೆ ದುಡ್ಡು ಕಟ್ಟುವ ಮೊದಲು ಒಮ್ಮೆ ಕಣ್ಣು ತೋರಿಸಿ ಬನ್ನಿ.